ಜಿಪ್ಸಿಗೆ ಟೈರ್: 235ರಿಂದ 215ಕ್ಕೆ ಇಳಿದ ಕತೆ

ಕೊನೆಗೂ ಸಿಕ್ಕಿತು! ಮೂರು ತಿಂಗಳಿಂದ ತಲೆ ತಿನ್ನುತ್ತಿದ್ದ ಗರ್ ಗರ್ ಸದ್ದು ಎಲ್ಲಿಂದ ಬರುತ್ತಿದೆ ಅಂತ ಹೋದ ಭಾನುವಾರ ಗೊತ್ತಾಯಿತು. ಹಿಡಿದುಕೊಟ್ಟಿದ್ದು ಅಜ್ಜಿಯ ಎಲೆಪೆಟ್ಟಿಗೆಯ ಸುಣ್ಣ.

ಬೇರಿಂಗ್, ಬ್ರೇಕ್, ಹಬ್ ಗ್ರೀಸು ಎಲ್ಲ ಬೇಸಿಗೆಯಲ್ಲೇ ಮುಗಿದಿತ್ತು. ಅದರ ಬಗ್ಗೆ ಹೇಳೋದು ಏನೂ ಇಲ್ಲ. ಗಾಡಿ ಮಾರುತಿ ಜಿಪ್ಸಿ ಕಿಂಗ್, ಲೀಫ್ ಸ್ಪ್ರಿಂಗ್ (ಆಕ್ಸಲ್ ಮೇಲೆ ಗಾಡಿ ಹೊರುವ ಉಕ್ಕಿನ ಪಟ್ಟಿಗಳು) ಕಂಪನಿಯದೇ, ಗಾಡಿ ಎತ್ತರಿಸಿಲ್ಲ, ಪವರ್ ಸ್ಟೇರಿಂಗ್ ಇಲ್ಲ. ಓಡೋದು ಮೂಡಿಗೆರೆ ಕಡೆಯ ತೋಟದ ದಾರಿಯಲ್ಲಿ. ಇಷ್ಟು ಗೊತ್ತಿದ್ದರೆ ಸಾಕು.

ಮಳೆಗಾಲಕ್ಕೆ ಮುಂಚೆ 205/70 ಆರ್15 ತೆಗೆದು 235/75 ಆರ್15 ಹಾಕಿಸಿದ್ದೆ. 205 ಅಂದ್ರೆ ಟೈರಿನ ಅಗಲ ಮಿಮೀನಲ್ಲಿ, 70 ಅಂದ್ರೆ ಪಕ್ಕದ ಎತ್ತರ ಆ ಅಗಲದ ಶೇಕಡಾ 70, 15 ಅಂದ್ರೆ ರಿಮ್ಮಿನ ಇಂಚು. ಎತ್ತರದ ಲೆಕ್ಕ ಸುಲಭ. ಹಳೇದು 668 ಮಿಮೀ, ಹೊಸದು ಹತ್ತಿರ ಹತ್ತಿರ 734. ಅರ್ಧ ಮಾಡಿದರೆ ಆಕ್ಸಲ್ ಕೆಳಗೆ 33 ಮಿಮೀ ಜಾಸ್ತಿ ಜಾಗ. ತೋಟದ ಕಲ್ಲುಗಳಿಗೆ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಡಬ್ಬಿ) ಬಡಿಸಿಕೊಂಡು ಸಾಕಾಗಿದ್ದವನಿಗೆ ಆ 33 ಮಿಮೀ ಚಿನ್ನದ ಹಾಗೆ ಕಂಡಿತು.

ಟೈರ್ ಅಗಲ ಆದ್ರೆ ಒಳಗಡೆ ಲೀಫಿಗೆ ತಾಗುತ್ತೆ, ಅದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಅಂಗಡಿಯವರು ಅದಕ್ಕೂ ಔಷಧಿ ಹೇಳಿದರು. "ಎಂಟು ಇಂಚಿನ ಅಲಾಯ್, ಮೈನಸ್ 19 ಆಫ್‌ಸೆಟ್ ಹಾಕಿ ಸಾರ್. ಟೈರ್ ಹೊರಗೆ ಬರುತ್ತೆ. ತಾಗೋ ಮಾತೇ ಇಲ್ಲ." ಆಫ್‌ಸೆಟ್ ಅಂದ್ರೆ ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಮಿಮೀ ಆಚೀಚೆ ಇದೆ ಅನ್ನೋ ಲೆಕ್ಕ. ಮೈನಸ್ ಆದ್ರೆ ಗಾಲಿ ಹೊರಗೆ, ಪ್ಲಸ್ ಆದ್ರೆ ಒಳಗೆ. ಐದು ನಟ್ಟು, 139.7 ಪಿಸಿಡಿ (ನಟ್ಟುಗಳ ವೃತ್ತದ ವ್ಯಾಸ, ಮಿಮೀನಲ್ಲಿ), ನಡುವಿನ ತೂತು 108 ಮಿಮೀ, ಎಲ್ಲ ಸರಿ ಇತ್ತು. ಹಾಕಿಸಿದೆ. ಅಂಗಳದಲ್ಲಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ. ಲೀಫಿಗೂ ಟೈರಿಗೂ ನಡುವೆ ಒಂದು ಬೆರಳು ಹೋಗುತ್ತಿತ್ತು.

ಮಾರನೇ ದಿನ ಮೇಲಿನ ತೋಟಕ್ಕೆ ಹತ್ತಿಸುವಾಗ ಮೊದಲ ತಿರುವಲ್ಲೇ ಗರ್ ಅಂತು.

ಫೆಂಡರ್ (ಗಾಲಿಯ ಮೇಲಿನ ಕಮಾನಿನ ತಗಡು) ಅಂದುಕೊಂಡೆ. ಕಮಾನಿನ ಹಿಂದಿನ ಮೂಲೆಯನ್ನು ಸುತ್ತಿಗೆಯಲ್ಲಿ ಬಡಿದು ಮಡಚಿದೆವು. ಸದ್ದು ಕಮ್ಮಿ ಆಯಿತು, ಹೋಗಲಿಲ್ಲ. ಬಂಪರ್ ಮೂಲೆ ಕತ್ತರಿಸಿದೆವು. ಆಗಲೂ ಹೋಗಲಿಲ್ಲ. ನಮ್ಮ ಮೇಸ್ತ್ರಿಯಂತೂ "ಗೌಡ್ರೆ, ಇನ್ನು ಕತ್ತರಿಸಿದ್ರೆ ಬಾಗಿಲೇ ಉಳಿಯಲ್ಲ" ಅಂದುಬಿಟ್ಟರು. ಅಷ್ಟರಲ್ಲಿ ಸ್ಟೇರಿಂಗ್ ಎಷ್ಟು ಭಾರ ಆಗಿತ್ತು ಅಂದ್ರೆ, ಹೇರ್‌ಪಿನ್ನಲ್ಲಿ ತಿರುಗಿಸಿ ತಿರುಗಿಸಿ ಭುಜ ನೋಯುತ್ತಿತ್ತು. ಹೊರಗೆ ಚಾಚಿದ ಟೈರು ಕೆಸರನ್ನೆಲ್ಲ ತಂದು ಬಾಗಿಲಿಗೆ, ಕನ್ನಡಿಗೆ ಎರಚುತ್ತಿತ್ತು.

ಅಂಗಳದಲ್ಲಿ ತಾಗದ್ದು ತೋಟದಲ್ಲಿ ಯಾಕೆ ತಾಗುತ್ತೆ? ಸಮ ನೆಲದಲ್ಲಿ ಆಕ್ಸಲ್ ನೆಟ್ಟಗಿರುತ್ತೆ. ದಾರಿಯಲ್ಲಿ ಒಂದು ಗಾಲಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋದಾಗ ಆಕ್ಸಲ್ ಓರೆಯಾಗುತ್ತೆ, ಲೀಫ್ ಬಾಗುತ್ತೆ. ಆ ಒಂದು ಬೆರಳಿನ ಜಾಗ ಆಗ ಇರಲ್ಲ. ಹಾಗಾದ್ರೆ ಅಳೆಯಬೇಕಾದದ್ದೂ ಅದೇ ಸ್ಥಿತಿಯಲ್ಲೇ ಅಲ್ವಾ?

ಭಾನುವಾರ ಬಲಗಡೆ ಮುಂದಿನ ಗಾಲಿಯನ್ನು ಸಿಲ್ವರ್ ಓಕ್ ದಿಮ್ಮಿಯ ಮೇಲೆ ಹತ್ತಿಸಿದೆವು. ಆಕ್ಸಲ್ ಬಂಪ್ ಸ್ಟಾಪಿಗೆ (ಅದು ಇನ್ನೂ ಮೇಲಕ್ಕೆ ಹೋಗದ ಹಾಗೆ ತಡೆಯೋ ರಬ್ಬರ್) ಹತ್ತಿರ ಹತ್ತಿರ ಬಂತು. ಅಜ್ಜಿಯ ಹತ್ತಿರ ಸುಣ್ಣ ಕೇಳಿದೆ. "ಗಾಡಿಗೂ ಎಲೆ ಅಡಿಕೆ ಹಾಕಿಸ್ತೀಯಾ ಮಗಾ?" ಅಂತ ನಗುತ್ತಾ ಕೊಟ್ಟಳು. ಬೆರಳಲ್ಲಿ ತೆಗೆದು ಲೀಫಿನ ಅಂಚಿಗೆ, ಫೆಂಡರಿನ ಮಡಿಕೆಗೆ, ಚಾಸಿಗೆ ತೆಳ್ಳಗೆ ಬಳಿದೆ. ಮೇಸ್ತ್ರಿ ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿ ಮತ್ತೆ ನೇರ ಮಾಡಿದರು. ನಾನು ಗೋಣಿಚೀಲ ಹಾಸಿಕೊಂಡು ಕೆಳಗೆ ನುಗ್ಗಿದೆ. ಫೆಂಡರಿನ ಸುಣ್ಣ ಒಂದು ಕಡೆ ಮಾತ್ರ ಅಳಿಸಿತ್ತು. ಲೀಫಿನ ಅಂಚಲ್ಲಿ ನಾಲ್ಕು ಬೆರಳು ಉದ್ದಕ್ಕೆ ಪೂರ್ತಿ ಒರೆಸಿಹೋಗಿತ್ತು. ಟೈರಿನ ಒಳಭುಜದ ಮೇಲೆ ಬೆಳ್ಳಗೆ ಅದರ ಗುರುತು. ಆಫ್‌ಸೆಟ್ ಹಾಕಿಸಿದ್ದೇ ಯಾವುದು ತಾಗಬಾರದು ಅಂತಲೋ, ಅದೇ ತಾಗುತ್ತಿತ್ತು.

ರಾತ್ರಿ ಕೂತು ಲೆಕ್ಕ ಹಾಕಿದೆ. ಹಳೇ ಸ್ಟೀಲ್ ರಿಮ್ ಐದೂವರೆ ಇಂಚು. ಅದರ ಆಫ್‌ಸೆಟ್ ಸ್ಕೇಲ್ ಇಟ್ಟು ಅಳೆದರೆ ಪ್ಲಸ್ 5 ಬಂತು. ಅದರಲ್ಲಿ ಕೂತ 205 ಟೈರಿನ ನಿಜವಾದ ಅಗಲ 200ರ ಆಸುಪಾಸು. ಅರ್ಧ 100, ಅದಕ್ಕೆ 5 ಸೇರಿಸಿದರೆ ಹಬ್ಬಿನಿಂದ ಒಳಗಡೆಗೆ 105 ಮಿಮೀ. ಈಗ ಹೊಸದು. 235 ಅನ್ನೋ ಅಗಲ ಆರೂವರೆ ಇಂಚಿನ ರಿಮ್ಮಿನಲ್ಲಿ ಅಳೆದದ್ದು. ರಿಮ್ ಅರ್ಧ ಇಂಚು ಅಗಲ ಆದ ಹಾಗೆಲ್ಲ ಟೈರು 5 ಮಿಮೀ ಉಬ್ಬುತ್ತೆ. ಎಂಟು ಇಂಚಿನಲ್ಲಿ ಅದು 250! ಅರ್ಧ 125, ಅದರಲ್ಲಿ 19 ಕಳೆದರೆ 106.

105 ಇದ್ದದ್ದು 106 ಆಗಿದೆ. ಲೀಫಿನ ಕಡೆ ಒಂದು ಮಿಮೀ ಕೂಡ ಲಾಭ ಇಲ್ಲ, ಒಂದು ಮಿಮೀ ನಷ್ಟ. ಮೈನಸ್ ಆಫ್‌ಸೆಟ್ ಕೊಟ್ಟ ಜಾಗವನ್ನೆಲ್ಲ ಅಗಲದ ರಿಮ್ ತಿಂದುಹಾಕಿದೆ. ಮೇಲಿಂದ ಟೈರು ಎತ್ತರ ಬೇರೆ. ಹೊರಗಡೆ ಮಾತ್ರ 95 ಇದ್ದದ್ದು 144ಕ್ಕೆ ಹೋಗಿದೆ. ಭಾರದ ಸ್ಟೇರಿಂಗ್, ಬಾಗಿಲ ಕೆಸರು, ಬಡಿದ ಫೆಂಡರ್ ಎಲ್ಲ ಆ 49 ಮಿಮೀ ಕೊಟ್ಟ ಕಾಟ. ಆಫ್‌ಸೆಟ್ ಒಂದನ್ನೇ ನೋಡಬೇಡಿ. ರಿಮ್ ಅಗಲ, ಟೈರ್ ಅಗಲ, ಆಫ್‌ಸೆಟ್ ಮೂರನ್ನೂ ಒಟ್ಟಿಗೆ ಕಾಗದದ ಮೇಲೆ ಬರೆದು, ಆಮೇಲೆ ದುಡ್ಡು ಕೊಡಿ.

ಆ ಸೆಟ್ಟಿನ ಬಗ್ಗೆ ಇನ್ನೊಂದು ಸಿಟ್ಟೂ ಇದೆ. ಬಿಚ್ಚುವಾಗ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ತಯಾರಿ ತಾರೀಕು ನೋಡಿದೆ. ನಾಲ್ಕರಲ್ಲಿ ಎರಡು ಟೈರು ಉಳಿದೆರಡಕ್ಕಿಂತ ಮೂರು ವರ್ಷ ಹಳೇವು! ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂಗಡಿಯಲ್ಲೇ ಬಗ್ಗಿ ಓದಿ. ಹೊಸದರ ದುಡ್ಡು ತಗೊಂಡು ಗೋಡೌನಿನ ಹಳೇ ಮಾಲು ಕಟ್ಟೋದು ಅನ್ಯಾಯ.

ಈಗ ಹಳೇ ಸ್ಟೀಲ್ ರಿಮ್ಮಿಗೇ 215/75 ಆರ್15 ಹಾಕಿಸಿದ್ದೇನೆ. ಬೊಲೆರೋ ಸೈಜು, ಎಲ್ಲಿ ಬೇಕಾದ್ರೂ ಸಿಗುತ್ತೆ. ಎತ್ತರ 703, ಅಂದ್ರೆ ಕೆಳಗೆ 18 ಮಿಮೀ ಲಾಭ. ಒಳಗಡೆ 205ಕ್ಕಿಂತ ಐದಾರು ಮಿಮೀ ಲೀಫಿಗೆ ಹತ್ತಿರ ಬರುತ್ತೆ. ಅದಕ್ಕೆ ಗಾಲಿ ತೀರ ತಿರುಗದ ಹಾಗೆ ತಡೆಯೋ ಸ್ಟೇರಿಂಗ್ ಸ್ಟಾಪರ್ ಬೋಲ್ಟನ್ನು ಎರಡು ಸುತ್ತು ಹೊರಗೆ ತಂದೆವು. ತಿರುವು ಸ್ವಲ್ಪ ದೊಡ್ಡದಾಯಿತು, ನಿಜ. ಕೆರೆ ಪಕ್ಕದ ಹೇರ್‌ಪಿನ್ನಲ್ಲಿ ಈಗ ಒಂದು ರಿವರ್ಸ್ ಬೇಕು. ಒಪ್ಪಿಕೊಂಡೆ. 1.3 ಲೀಟರ್ ಇಂಜಿನ್ನಿಗೂ ಇದೇ ವಾಸಿ. 235ರಲ್ಲಿ ಗೇರಿಂಗ್ ಹತ್ತಿರ ಹತ್ತಿರ ಶೇಕಡಾ 10 ಉದ್ದ ಆಗಿ, ಸೆಕೆಂಡ್‌ನಲ್ಲಿ ಹತ್ತುತ್ತಿದ್ದ ಏರಿಗೆ ಫಸ್ಟ್ ಹಾಕಬೇಕಿತ್ತು. ಈಗ ವ್ಯತ್ಯಾಸ ಶೇಕಡಾ 5. ಸ್ಪೀಡೋಮೀಟರ್ 60 ತೋರಿಸಿದರೆ ನಿಜಕ್ಕೂ 63 ಅಂತ ನೆನಪಿಟ್ಟುಕೊಂಡರೆ ಆಯಿತು.

ಕೆಸರಿನ ಮಾತೂ ಹೇಳಲೇಬೇಕು. ಮರಳಲ್ಲಿ ಓಡಿಸೋರಿಗೆ ಅಗಲದ ಟೈರು ಬೇಕು, ತೇಲಿಕೊಂಡು ಹೋಗೋದಕ್ಕೆ. ನಮ್ಮಲ್ಲಿ ಮೇಲೆ ಅರ್ಧ ಅಡಿ ಕೆಸರು, ಕೆಳಗೆ ಗಟ್ಟಿ ಗೊರಚು. ಕಿರಿದಾದ ಟೈರು ಕೆಸರನ್ನು ಸೀಳಿ ಆ ಗೊರಚು ಕಚ್ಚುತ್ತೆ. ಗಾಳಿ 18 ಪಿಎಸ್‌ಐಗೆ ಇಳಿಸಿದೆ. ಹೋದ ತಿಂಗಳು 235 ಜಾರಿ ಕಾಫಿ ಗಿಡಕ್ಕೆ ಒರಗಿದ ಜಾಗದಲ್ಲೇ ಇದು ನಿಧಾನಕ್ಕೆ ಹತ್ತಿತು.

ಹಳಬರಿಗೆ ಇದು ಮೊದಲೇ ಗೊತ್ತಿತ್ತೇನೋ. ತಾತನ ಜೀಪಿನಲ್ಲಿ ಇದ್ದದ್ದು 6.00-16. ಅಗಲ ಆರೇ ಇಂಚು, ಎತ್ತರ ಮಾತ್ರ ಚೆನ್ನಾಗಿತ್ತು. ಆ ಜೀಪು ಇನ್ನೂ ಕೊಟ್ಟಿಗೆಯ ಪಕ್ಕ ನಿಂತಿದೆ, ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತೆ. ಅದಕ್ಕೂ ಐದು ನಟ್ಟು, ಅದೇ 139.7. ಕಾಫಿ ಕೊಯ್ಲು ಮುಗಿದ ಮೇಲೆ ಅದನ್ನು ಹೊರಗೆ ಎಳೀತೀನಿ. ಮೊದಲು ಬ್ರೇಕು, ಆಮೇಲೆ ಅದೇ 6.00-16. ಅದಕ್ಕೆ ಬೇರೆ ಸೈಜು ಯೋಚನೆಯೇ ಮಾಡಲ್ಲ.

ನಿನ್ನೆ ಲೀಫಿಗೆ ಮತ್ತೆ ಸುಣ್ಣ ಬಳಿದು, ಮೇಲಿನ ತೋಟದ ತನಕ ಹೋಗಿ ಬಂದೆ. ಕೆಸರು ತೊಳೆದು ನೋಡಿದರೆ ಲೀಫಿನ ಅಂಚಲ್ಲಿ ಸುಣ್ಣ ಒಣಗಿ ಹಾಗೇ ಕೂತಿತ್ತು, ಬೆರಳಿನ ಗೆರೆ ಸಮೇತ. ಇನ್ನು ಉಳಿದಿರೋದು ಸ್ಟೆಪ್ನಿ. ಫೋರ್‌ವೀಲ್ ಹಾಕಿದಾಗ ನಾಲ್ಕೂ ಒಂದೇ ಎತ್ತರ ಇರಬೇಕು, ಇಲ್ಲಾಂದ್ರೆ ಟ್ರಾನ್ಸ್‌ಫರ್ ಕೇಸಿಗೆ (ಇಂಜಿನ್ ಶಕ್ತಿಯನ್ನು ಮುಂದೆ ಹಿಂದೆ ಎರಡೂ ಆಕ್ಸಲ್ಲಿಗೆ ಹಂಚುವ ಗೇರ್ ಡಬ್ಬಿ) ಪೆಟ್ಟು. ಐದನೇ 215 ಗುರುವಾರ ಬರುತ್ತಂತೆ. ತಾರೀಕು ಓದಿದ ಮೇಲೇನೇ ದುಡ್ಡು.