ತುರಿಕೆ ನಿಂತ ಮೇಲೆ

“ತುರಿಕಿ ನಿಂತೈತಲ್ಲ, ಇನ್ಯಾಕ ದೊಡ್ಡ ದವಾಖಾನಿ?” ಎಂದು ಮಂಗಳವಾರ ಮಧ್ಯಾಹ್ನ ಅತ್ತೆ ಕೇಳಿದಾಗ ನಾನೂ ತಲೆಯಾಡಿಸಿದ್ದೆ. ಈ ವಾರವಿಡೀ ನನ್ನನ್ನು ಚುಚ್ಚುತ್ತಿರುವುದು ಅದೇ.

ಗಂಗಾವತಿ ಸಮೀಪದ ನಮ್ಮ ಗದ್ದೆಯ ಬದುವಿನ ಮೇಲೆ ಮಾಮನಿಗೆ ನಾಲ್ಕೈದು ಜೇನುಹುಳ ಕಡಿದಿದ್ದವು. ಹೋದ ವರ್ಷ ಕಡಿದಾಗ ಕೈ ಬಾತಿತ್ತು, ಅಷ್ಟೆ. ಈ ಸಲ ಕಾಲು ಗಂಟೆಯೊಳಗೆ ಮೈತುಂಬ ದದ್ದುಗಳೆದ್ದು, ತುಟಿ ದಪ್ಪವಾಗಿ, ಒಮ್ಮೆ ವಾಂತಿಯೂ ಆಯಿತು. ಅತ್ತೆ ಸುಣ್ಣ ಹಚ್ಚಿದರು. ಊರಲ್ಲಿ ಸೂಜಿ ಮಾಡುವವರು ಬಂದು ಅಲರ್ಜಿಯ ಔಷಧ ಅವಿಲ್ ಕೊಟ್ಟರು. ಅವರು ಅರ್ಧರಾತ್ರಿ ಕರೆದರೂ ಬರುವ ಒಳ್ಳೆಯ ಮನುಷ್ಯ, ಆದರೆ ಊರಿನ ಎಲ್ಲ ರೋಗಗಳಿಗೂ ಅವರ ಚೀಲದಲ್ಲಿರುವುದು ಮೂರೇ ಸೀಸೆ. ದದ್ದು ಇಳಿಯಿತು, ಅತ್ತೆ ಆ ಮಾತಾಡಿದರು, ಚಹಾ ಬಂತು. ಲೋಟ ತೆಗೆದುಕೊಳ್ಳಲು ಎದ್ದ ಮಾಮ “ಕಣ್ಣಿಗೆ ಕತ್ತಲಿ ಬರ್ತೈತಿ” ಎಂದು ಗೋಡೆಗೆ ಒರಗಿದರು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ನನಗಿಂತ ಚಿಕ್ಕ ಹುಡುಗ. ನನ್ನ ಕಥೆಯನ್ನು ಅರ್ಧಕ್ಕೇ ತಡೆದು, “ತೊಡಿಗೆ ಸೂಜಿ ಮಾಡ್ಯಾರೇನು?” ಎಂದು ಕೇಳಿದರು. ಅವಿಲ್ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಮಾಮನನ್ನು ಅಂಗಾತ ಮಲಗಿಸಿ, ಕಾಲುಗಳನ್ನು ಎತ್ತರಿಸಿ, ತೊಡೆಯ ಹೊರಭಾಗದ ಸ್ನಾಯುವಿಗೆ ಅರ್ಧ ಮಿಲಿ ಅಡ್ರಿನಲಿನ್ ಕೊಟ್ಟಾಗಿತ್ತು. ಬಿ.ಪಿ. ಮೇಲಿನ ಅಂಕಿ 70ಕ್ಕೆ ಇಳಿದಿತ್ತು. ಐದು ನಿಮಿಷ ಕಾದು ಇನ್ನೊಮ್ಮೆ ಕೊಟ್ಟರು, ಸಲೈನ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಮಾಮ ಚಪ್ಪಲಿ ಎಲ್ಲಿ ಎಂದು ವಿಚಾರಿಸಿದರು.

ಅವಿಲ್ ತಡೆಯುವುದು ಅಲರ್ಜಿಯಾದಾಗ ದೇಹವೇ ಹೊರಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕ ಎಬ್ಬಿಸುವ ತುರಿಕೆ ಮತ್ತು ದದ್ದನ್ನು. ಸಡಿಲಾದ ರಕ್ತನಾಳಗಳನ್ನು ಬಿಗಿಗೊಳಿಸಿ ಬಿ.ಪಿ. ಏರಿಸುವುದಾಗಲಿ, ಕಟ್ಟುತ್ತಿರುವ ಉಸಿರನ್ನು ಬಿಡಿಸುವುದಾಗಲಿ ಅದರಿಂದ ಆಗದು ಎಂದು ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಸ್ಟಿರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ನಿಮಿಷಗಳಲ್ಲಿ ಕೆಲಸ ಮಾಡುವುದು ಅಡ್ರಿನಲಿನ್ ಒಂದೇ. ದದ್ದಿನ ಜೊತೆಗೆ ವಾಂತಿಯಾದಾಗಲೇ ನಾವು ಹೊರಡಬೇಕಿತ್ತಂತೆ. ಬಿ.ಪಿ. ಬಿದ್ದವರನ್ನು ಇಬ್ಬರ ನಡುವೆ ಬೈಕಿನಲ್ಲಿ ಕೂರಿಸಿ ತಂದದ್ದಕ್ಕೆ ಸರಿಯಾಗಿಯೇ ಬೈದರು. ಮಲಗಿಸಿಕೊಂಡು ಬರಬೇಕಿತ್ತು. ಇಳಿದ ಅಲರ್ಜಿ ಕೆಲವು ಗಂಟೆಗಳ ನಂತರ ಮರುಕಳಿಸಬಹುದು ಎಂದು ಆ ರಾತ್ರಿ ಅಲ್ಲಿಯೇ ಇರಿಸಿಕೊಂಡರು.

“ತುರಿಕಿ ನಿಂತೈತಲ್ಲ” ಎಂಬುದರಲ್ಲಿ ಅತ್ತೆಯ ತಪ್ಪೇನಿತ್ತು? ಚರ್ಮ ಕಣ್ಣಿಗೆ ಕಾಣುತ್ತದೆ, ಬಿ.ಪಿ. ಕಾಣುವುದಿಲ್ಲ. ಪದವಿ ಓದಿದ ನಾನೂ ಚರ್ಮವನ್ನೇ ನೋಡಿಕೊಂಡು ಚಹಾ ಕುಡಿಯುತ್ತ ಕುಳಿತಿದ್ದೆನಲ್ಲ! ತಾವೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನುಗಳಿಗಾಗಿ ಎರಡು ಮೆಡಿಕಲ್ ಅಂಗಡಿಗಳಲ್ಲಿ ವಿಚಾರಿಸಿದೆ, ಇರಲಿಲ್ಲ. ಜೇನಿನ ವಿಷವನ್ನೇ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ, ಮೂರರಿಂದ ಐದು ವರ್ಷ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆಯೂ ಇದೆ, ಅಲರ್ಜಿ ತಜ್ಞರನ್ನು ಕಾಣಿರಿ ಎಂದು ಡಾಕ್ಟರು ಹೇಳಿದ್ದಾರೆ. “ಅಷ್ಟರಾಗ ಹತ್ತು ಬೆಳಿ ತಗೀತೀನಿ” ಎಂದು ಮಾಮ ನಕ್ಕರು.

ಬುಧವಾರ ಆಟೋದಲ್ಲಿ ಮನೆಗೆ ಬರುವಾಗ ಮಾಮ ಮೊಣಕೈ ತುರಿಸಿಕೊಂಡರು. ಅತ್ತೆ ಗಾಬರಿಯಿಂದ ಆಟೋ ನಿಲ್ಲಿಸಿದರು. ಸೊಳ್ಳೆ ಕಡಿದಿತ್ತು.