ಅಂಬೆಗಾಲಿನ ಎತ್ತರದ ಪ್ಲಗ್ ಪಾಯಿಂಟ್‌ಗಳು

ಕಳೆದ ಗೌರಿ ಹಬ್ಬಕ್ಕೆ ಮಗಳು ಕೂಸಿನೊಂದಿಗೆ ಬೆಂಗಳೂರಿನಿಂದ ಬರುವ ಮುನ್ನಾದಿನ, ಶಿವಮೊಗ್ಗದ ನಮ್ಮ ಮನೆಗೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದ್ದೆ. ಬಾಣಂತನ ಮುಗಿದು ಹೊರಡುವಾಗ ಇನ್ನೂ ಮಗುಚಿಕೊಳ್ಳುತ್ತಿದ್ದ ಮೊಮ್ಮಗ ಈಗ ಅಂಬೆಗಾಲಿಡುತ್ತಾನೆ, ಕಂಡ ಸಂದಿಗೆಲ್ಲ ಬೆರಳು ಹಾಕುತ್ತಾನೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ನಮ್ಮದು ಹಳೆಯ ಮನೆ. ಮೊದಲಿನ ಸ್ವಿಚ್‌ಬೋರ್ಡ್‌ಗಳೆಲ್ಲ ದೊಡ್ಡವರ ಎದೆಮಟ್ಟದಲ್ಲಿವೆ. ಟಿವಿ, ಫ್ರಿಜ್, ವೈಫೈ ಒಂದೊಂದಾಗಿ ಬಂದಂತೆ ಹಾಕಿಸಿದ ಪ್ಲಗ್ ಪಾಯಿಂಟ್‌ಗಳು ಮಾತ್ರ ನೆಲದಿಂದ ಒಂದಡಿ ಎತ್ತರದಲ್ಲಿವೆ. ಅಂಬೆಗಾಲಿಡುವ ಮಗುವಿನ ಮುಖಕ್ಕೆ ನೇರವಾಗಿ ಎದುರಾಗುವುದು ಅವೇ.

ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸಿದರೆ ಸಾಕೆಂಬುದು ನಮ್ಮ ಯಜಮಾನರ ಅಭಿಪ್ರಾಯವಾಗಿತ್ತು. ಬಂದವರು ಮುಚ್ಚಳದ ಮಾತಿಗೆ ಹೋಗದೆ ಮೊದಲು ಟೆಸ್ಟರ್ ತೆಗೆದರು. ಟಿವಿಯ ಹಿಂದಿನ ಪಾಯಿಂಟ್‌ನ ಸ್ವಿಚ್ ಆರಿಸಿ, ಬಲಗಡೆಯ ತೂತಿಗೆ ಅದರ ತುದಿಯನ್ನಿಟ್ಟರು. ಹಿಡಿಯೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು.

“ನೋಡಿ ಅಮ್ಮಾ, ಸ್ವಿಚ್ ಆಫ್ ಇದೆ, ಆದರೂ ಕರೆಂಟ್ ಇದೆ. ಸ್ವಿಚ್ಚಿಗೆ ಫೇಸ್ ಕೊಡಬೇಕಿತ್ತು, ನ್ಯೂಟ್ರಲ್ ಕೊಟ್ಟುಬಿಟ್ಟಿದ್ದಾರೆ” ಎಂದರು. ಫೇಸ್ ಎಂದರೆ ಕರೆಂಟು ತರುವ ವೈರು, ನ್ಯೂಟ್ರಲ್ ಎಂದರೆ ಅದು ಮರಳುವ ವೈರು. ಸ್ವಿಚ್ ನ್ಯೂಟ್ರಲನ್ನು ಮಾತ್ರ ಕಡಿದರೆ ತೂತಿನಲ್ಲಿ ಕರೆಂಟು ಉಳಿದೇ ಇರುತ್ತದೆ.

ಇಂಥ ಪಾಯಿಂಟ್‌ನಲ್ಲಿ ಟಿವಿ ಎಂದಿನಂತೆ ಹೊತ್ತುತ್ತದೆ, ಆರುತ್ತದೆ. ಬಳಸುವವರಿಗೆ ದೋಷದ ಸುಳಿವೇ ಸಿಗುವುದಿಲ್ಲ. ಸ್ವಿಚ್ ಆರಿಸಿದ್ದೇವೆಂಬ ಧೈರ್ಯದ ಮೇಲೆ ಮಗುವನ್ನು ಆಡಲು ಬಿಡುವ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ ಪರೀಕ್ಷೆ ಇದೇ ಎಂದು ನಾನು ಈಗ ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಮೈನ್ ಬೋರ್ಡ್‌ನಲ್ಲಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಇದೆಯಲ್ಲ ಎಂದು ಕೇಳಿದೆ. ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು ಎಂದು ಅವರು ಬಿಡಿಸಿ ಹೇಳಿದರು. 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟು ಹರಿದಾಗ ಮಾತ್ರ ಬೀಳುತ್ತದೆ. ಆದರೆ ಮನುಷ್ಯರ ಮೈಯೊಳಗೆ ಹರಿದು ಜೀವ ತೆಗೆಯಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲೂ ಸಾಕು. ಜೀವ ಕಾಯಲು ಬೇಕಾದದ್ದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲ್‌ನಲ್ಲಿ ಮರಳುತ್ತಿದೆಯೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ, ಮತ್ತು 30 ಮಿಲಿಆಂಪಿಯರ್‌ನಷ್ಟು ಬೇರೆ ದಾರಿ ಹಿಡಿದರೂ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಹಾಗೆಂದು ಅದೊಂದನ್ನೇ ನಂಬುವಂತಿಲ್ಲ. ಮಗು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಮ್ಮೆಗೇ ಮುಟ್ಟಿದರೆ ಕರೆಂಟು ಮೈಯ ಮೂಲಕವೇ ನ್ಯೂಟ್ರಲ್‌ಗೆ ಮರಳುವುದರಿಂದ ಆರ್‌ಸಿಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಆದ್ದರಿಂದ ಕೆಳಗಿನ ಪಾಯಿಂಟ್‌ಗಳಿಗೆಲ್ಲ ಐಎಸ್‌ಐ ಗುರುತಿನ, ಒಳಗೆ ಶಟರ್ (ತೂತನ್ನು ಮುಚ್ಚಿರುವ ಪುಟ್ಟ ತಡೆ) ಇರುವ ಸಾಕೆಟ್ ಹಾಕಿಸಿದೆವು. ಪ್ಲಗ್ಗಿನ ಮೇಲಿನ ಉದ್ದನೆಯ ಅರ್ತ್ ಪಿನ್ನು ಮೊದಲು ಒಳಹೊಕ್ಕಾಗ ಕೆಳಗಿನ ಎರಡು ತೂತುಗಳ ಶಟರ್ ಸರಿಯುತ್ತದೆ. ಅಲ್ಲಿಗೆ ನೇರವಾಗಿ ಹೇರ್‌ಪಿನ್ನು ತೂರಿಸಹೊರಟರೆ ಮುಂದೆ ಹೋಗುವುದಿಲ್ಲ. ಹೊರಗಿನಿಂದ ಸಿಕ್ಕಿಸುವ ಮುಚ್ಚಳಕ್ಕಿಂತ ಇದು ಎಷ್ಟೋ ಮೇಲು. ಮುಚ್ಚಳವನ್ನು ಇಸ್ತ್ರಿಗೆಂದು ಕಿತ್ತವರು ಮತ್ತೆ ಹಾಕಬೇಕು, ಸಡಿಲವಾದರೆ ಅದು ಮಗುವಿನ ಬಾಯಿಗೇ ಹೋಗುತ್ತದೆ.

ಗಣಪತಿ ಮಂಟಪದ ಸೀರಿಯಲ್ ಸೆಟ್‌ಗೆಂದು ಪ್ರತಿವರ್ಷ ನೆಲದ ಮೇಲೆಯೇ ಇಡುತ್ತಿದ್ದ ಎಕ್ಸ್‌ಟೆನ್ಷನ್ ಬಾಕ್ಸ್ ಈ ಬಾರಿ ಷೋಕೇಸಿನ ಮೇಲೇರಿತು. ಯಾವ ದೇಶದ ಪಿನ್ನಾದರೂ ಹಿಡಿಯುವಂತೆ ಅಗಲವಾದ ತೂತುಗಳಿರುವ ಅಗ್ಗದ ಬಾಕ್ಸ್‌ಗಳಲ್ಲಿ ಬಹುಪಾಲಿಗೆ ಶಟರ್ ಇರುವುದೇ ಇಲ್ಲ. ಅವನ್ನು ಮಕ್ಕಳಿರುವ ಮನೆಗೆ ತರಲೇಬಾರದು.

ಚಾರ್ಜರ್ ವಿಷಯದಲ್ಲಿ ಮಾತ್ರ ನಾನು ಯಾರ ಸಮಜಾಯಿಷಿಯನ್ನೂ ಕೇಳಲಿಲ್ಲ. 2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನಲ್ಲಿ, ಸ್ವಿಚ್ ಆರಿಸದೆ ಬಿಟ್ಟಿದ್ದ ಮೊಬೈಲ್ ಚಾರ್ಜರ್‌ನ ತುದಿಯನ್ನು ಬಾಯಿಗಿಟ್ಟುಕೊಂಡ ಎಂಟು ತಿಂಗಳ ಕೂಸು ತೀರಿಕೊಂಡಿತು. ಒಳ್ಳೆಯ ಚಾರ್ಜರ್‌ನ ತುದಿಯಲ್ಲಿ ಬರುವುದು ಸಾಮಾನ್ಯವಾಗಿ 5 ವೋಲ್ಟ್. ಆದರೆ ಒಳಗಿನ ಇನ್ಸುಲೇಷನ್ ಕೆಟ್ಟರೆ ಗೋಡೆಯ 230 ವೋಲ್ಟ್ ಅದೇ ತುದಿಗೆ ಇಳಿಯಬಲ್ಲದು. ಹಬ್ಬಕ್ಕೆ ಬಂದ ನೆಂಟರೆಲ್ಲರಿಗೂ ಚಾರ್ಜ್ ಮಾಡಲು ಅಡುಗೆಮನೆಯ ಕಟ್ಟೆಯ ಮೇಲೆ ಒಂದೇ ಜಾಗ ತೋರಿಸಿದೆ. ಫೋನ್ ತೆಗೆದೊಡನೆ ವೈರನ್ನೂ ಕಿತ್ತು ಡ್ರಾಯರಿಗೆ ಹಾಕಬೇಕೆಂದು ಹೇಳಿದೆ.

ಮಗಳ ಬಾಡಿಗೆ ಮನೆಯಲ್ಲಿ ಎಂಸಿಬಿ ಮಾತ್ರ ಇದೆಯೆಂದು ಆಮೇಲೆ ತಿಳಿಯಿತು. ಆರ್‌ಸಿಸಿಬಿ ಹಾಕಿಸುವ ಬಗ್ಗೆ ಅಳಿಯಂದಿರು ಮಾಲೀಕರೊಡನೆ ಮಾತನಾಡುತ್ತಿದ್ದಾರೆ. ಖರ್ಚಿನ ಮಾತಿಗಾಗಿ ಕೆಲಸ ನಿಲ್ಲುವುದು ಬೇಡ, ಅದನ್ನು ನಾವೇ ಕೊಡುತ್ತೇವೆ ಎಂದು ಹೇಳಿಕಳುಹಿಸಿದ್ದೇನೆ.