ಮುಚ್ಚಿದ ಕಿಟಕಿಯ ಮುಂದೆ ಟೀ

16 ನವೆಂಬರ್ 2024, ಶನಿವಾರ
ಕ್ಯೋಟೊ

ಇವತ್ತು ಸಂಜೆ ಟೀ ಕುಡಿಯೋಕೆ ಒಂದು ಗಂಟೆ ಹಿಡಿಯಿತು. ಕುಡಿದದ್ದು ನಾಲ್ಕೇ ಗುಟುಕು.

ಇದು ಜಪಾನಿನವರ ಟೀ ಸಮಾರಂಭ, ಒಸಾಕಾದಲ್ಲಿರುವ ತಮ್ಮ ಮೊದಲೇ ಬುಕ್ ಮಾಡಿಟ್ಟಿದ್ದ. ಹಿಗಾಶಿಯಾಮಾ ಗುಡ್ಡದ ಏರಿನಲ್ಲಿ ಒಂದು ಹಳೇ ಮರದ ಮನೆ. ಮಹಡಿಯ ಕೋಣೆಯಿಂದ ಇಡೀ ಊರು ಕಾಣುತ್ತೆ ಅಂತ ಸ್ವಲ್ಪ ಜಾಸ್ತಿನೇ ದುಡ್ಡು. ನಾನು ಕ್ಯಾಮೆರಾ ಚಾರ್ಜ್ ಮಾಡಿಕೊಂಡು ಹೋಗಿದ್ದೆ. ಮೇಲೆ ಹತ್ತಿ ನೋಡಿದರೆ ಕಿಟಕಿಗೆ ಅಡ್ಡವಾಗಿ ಶೋಜಿ, ಅಂದರೆ ಕಾಗದ ಅಂಟಿಸಿದ ಜಾರುಬಾಗಿಲು, ಪೂರ್ತಿ ಎಳೆದುಬಿಟ್ಟಿದ್ದಾರೆ. ಬೆಳಕು ಒಳಗೆ ಬರುತ್ತಿದೆ, ಊರು ಮಾತ್ರ ಇಲ್ಲ.

"ಇದಕ್ಕೇನೋ ಅಷ್ಟು ದುಡ್ಡು ಕೊಟ್ಟಿದ್ದು?" ಅಂದೆ.

ಟೀ ಮಾಡುವ ಹೆಂಗಸಿನ ಹತ್ತಿರ ತಮ್ಮ ಮೆಲ್ಲಗೆ ಕೇಳಿದ. "ಆಮೇಲೆ ತೆಗೀತಾರಂತೆ ಅಕ್ಕ. ಮೊದಲು ಟೀ."

ಬಟ್ಟಲಿಗೆ ಗೀರು ಬೀಳಬಾರದು ಅಂತ ವಾಚು, ಉಂಗುರ ತೆಗೆದಿಡಬೇಕು. ಬ್ಯಾಗು, ಕ್ಯಾಮೆರಾ ಎಲ್ಲ ಆಗಲೇ ಕೆಳಗೆ ಚಪ್ಪಲಿ ಗೂಡಿನ ಪಕ್ಕ ಉಳಿದಿದ್ದವು. ಅಮ್ಮ ಉಂಗುರ ತೆಗೆದಳು, ಗಾಜಿನ ಬಳೆಗೆ ಮಾತ್ರ ಒಪ್ಪಲಿಲ್ಲ. ಸ್ವೆಟರಿನ ತೋಳಿನೊಳಗೆ ಮೇಲಕ್ಕೆ ಏರಿಸಿಕೊಂಡು ಕೂತಳು. ಇಲ್ಲಿನವರ ಸೇಜಾ ಅಂದರೆ ನಮ್ಮ ವಜ್ರಾಸನವೇ. ಮಂಡಿನೋವು ಅಂತ ಅಮ್ಮನಿಗೆ ಒಂದು ಗಿಡ್ಡ ಸ್ಟೂಲ್ ಕೊಟ್ಟರು. ಯೋಗ ಕ್ಲಾಸಿನ ಜಂಬ ನೋಡಿ, ನಾನು ಬೇಡ ಅಂದೆ.

ನವೆಂಬರಿನಲ್ಲಿ ಇವರ ಒಲೆ ಬದಲಾಗುತ್ತದೆ. ಬೇಸಿಗೆಯಿಡೀ ಚಾಪೆಯ ಮೇಲಿಡುವ ಅಗ್ಗಿಷ್ಟಿಕೆ. ಈಗಿನಿಂದ ಏಪ್ರಿಲ್ ತನಕ ನೆಲದಲ್ಲೇ ತಗ್ಗು ಮಾಡಿ ಕೂರಿಸಿದ ಚೌಕದ ಒಲೆ, 'ರೊ'. ಟೀ ಕಲಿತವರಿಗೆ ಒಲೆ ತೆರೆಯುವ ಈ ತಿಂಗಳೇ ಯುಗಾದಿ ಇದ್ದ ಹಾಗೆ. ಅದರ ಮೇಲೆ ಕಪ್ಪು ಕಬ್ಬಿಣದ ಪಾತ್ರೆ. ನೀರು ಕಾಯುವ ಸದ್ದಿಗೂ ಒಂದು ಹೆಸರಿದೆ, ಮಾತ್ಸುಕಾಜೆ. ಪೈನ್ ಮರಗಳ ನಡುವಿನ ಗಾಳಿ ಅಂತ ಅರ್ಥ. ಕಿಟಕಿ ಮುಚ್ಚಿದ್ದಕ್ಕೋ ಏನೋ, ಅದು ಚೆನ್ನಾಗಿಯೇ ಕೇಳಿಸುತ್ತಿತ್ತು.

ಆಕೆ ಥಳಥಳ ಅನ್ನುತ್ತಿದ್ದ ಟೀ ಡಬ್ಬಿಯನ್ನು ರೇಷ್ಮೆ ಬಟ್ಟೆಯಿಂದ ಮತ್ತೆ ಒರೆಸಿದರು. ಬಿದಿರಿನ ಚಮಚ ಒರೆಸಿದರು. ಬಟ್ಟಲಿಗೆ ಬಿಸಿನೀರು ಹಾಕಿ ತೊಳೆದು ಚೆಲ್ಲಿದರು. "ಮಡಿ ಕಣೇ," ಅಂದಳು ಅಮ್ಮ ನನ್ನ ಕಿವಿಯಲ್ಲಿ.

ಟೀಗೆ ಮೊದಲೇ ಸಿಹಿ ತಿಂದು ಮುಗಿಸಬೇಕು. ಮೇಪಲ್ ಎಲೆಯ ಆಕಾರದ್ದು, ಕೆಂಪಿನಿಂದ ಹಳದಿಗೆ ತಿರುಗುತ್ತಿರುವ ಬಣ್ಣ. ಬಿಳಿ ಕಾಳು ಬೇಯಿಸಿ, ಸಕ್ಕರೆ ಹಾಕಿ, ನುಣ್ಣಗೆ ಮಾಡಿದ್ದು. ಅಮ್ಮ ಬಾಯಿಗಿಟ್ಟ ಕೂಡಲೇ "ಹೂರಣ" ಅಂದಳು. ಏಲಕ್ಕಿ ಮರೆತಿದ್ದಾರೆ ಅಂತಲೂ ಸೇರಿಸಿದಳು.

ಆಮೇಲೆ ಚಾಸೆನ್. ಒಂದೇ ಬಿದಿರಿನ ತುಂಡನ್ನು ಎಳೆ ಎಳೆಯಾಗಿ ಸೀಳಿ ಮಾಡಿದ ಕುಂಚ. ನಮ್ಮ ಕಡಗೋಲಿನ ಹಾಗೆ ಗಿರಗಿರ ತಿರುಗಿಸೋದಲ್ಲ. ಮಣಿಕಟ್ಟು ಸಡಿಲ ಬಿಟ್ಟು ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ. ಮೊದಲು ಟೀ ಪುಡಿ ಕದಡಿದ ಹಸಿರು ನೀರು. ನೋಡ್ತಾ ನೋಡ್ತಾ ದೊಡ್ಡ ಗುಳ್ಳೆ, ಆಮೇಲೆ ಸಣ್ಣ ಗುಳ್ಳೆ, ಕೊನೆಗೆ ಗುಳ್ಳೆಯೇ ಕಾಣದ ನೊರೆ. ಇದು ಉರಾಸೆಂಕೆ ಮನೆತನದ ಪದ್ಧತಿ. ಇನ್ನೊಂದು ಮನೆತನದ ಒಮೋತೆಸೆಂಕೆಯವರು ಇಷ್ಟು ನೊರೆ ಬರಿಸೋದಿಲ್ಲವಂತೆ. ಕಾಫಿಯನ್ನು ಎತ್ತಿ ಹುಯ್ಯುವ ಊರಿನವಳು ನಾನು, ನನ್ನ ಓಟು ಉರಾಸೆಂಕೆಗೇ.

ಬಟ್ಟಲಿನ ಚೆಂದದ ಮುಖ ನಮ್ಮ ಕಡೆಗಿಟ್ಟು ಕೊಡುತ್ತಾರೆ. ಅಲ್ಲಿ ತುಟಿ ಇಡಬಾರದು ಅಂತ ಎರಡು ಸಲ ತಿರುಗಿಸಿ ಕುಡೀಬೇಕು. ಸಿಹಿ ಇನ್ನೂ ನಾಲಿಗೆ ಮೇಲಿತ್ತು, ಕಹಿ ಅದರ ಹಿಂದೆಯೇ ಬಂತು. ಕೊನೆಯ ಗುಟುಕನ್ನು ಸೊರ್ ಅಂತ ಸದ್ದು ಮಾಡಿ ಹೀರಬೇಕು, ಮುಗಿಯಿತು ಅಂತ ಗೊತ್ತಾಗೋಕೆ. ಚಿಕ್ಕಂದಿನಲ್ಲಿ ಇದಕ್ಕೇ ತಲೆ ಮೇಲೆ ಮೊಟಕಿಸಿಕೊಂಡವರು ನಾವು! ಅಮ್ಮನ ಮುಖ ನೋಡುತ್ತಲೇ ತಮ್ಮ ಜೋರಾಗಿ ಹೀರಿದ.

ಕಿಟಕಿ ಯಾಕೆ ಮುಚ್ಚಿದ್ದು ಅಂತ ಆಕೆ ಆಗ ಹೇಳಿದರು, ಕನ್ನಡಕ್ಕೆ ಮಾಡಿದ್ದು ತಮ್ಮ. ಈ ಟೀ ಪದ್ಧತಿಗೆಲ್ಲ ಗುರು ಅನ್ನಿಸಿಕೊಂಡ ಸೆನ್ ನೋ ರಿಕ್ಯೂ (1522–1591) ಒಸಾಕಾದ ಪಕ್ಕದ ಸಾಕಾಯಿ ಊರಿನವನು. ಅಲ್ಲಿ ಅವನ ತೋಟದಿಂದ ಸಮುದ್ರ ಕಾಣುತ್ತಿತ್ತಂತೆ. ಅವನು ಅಡ್ಡ ಗಿಡ ನೆಟ್ಟು ಮರೆ ಮಾಡಿದ. ಬಂದವರಿಗೆಲ್ಲ ಬೇಜಾರು. ಆದರೆ ಕೈ ತೊಳೆಯೋಕೆ ಕಲ್ಲಿನ ತೊಟ್ಟಿಗೆ ಬಗ್ಗಿದಾಗ, ಎಲೆಗಳ ಸಂದಿಯಲ್ಲಿ ಒಂದಿಷ್ಟೇ ಸಮುದ್ರ ಕಾಣಿಸಿತಂತೆ. ಕತೆಯೇ ಇರಬಹುದು. ದುಡ್ಡಿನ ವಿಷಯ ನಾನಂತೂ ಮತ್ತೆ ಎತ್ತಲಿಲ್ಲ.

ಆಕೆ ಎದ್ದು ಶೋಜಿ ಸರಿಸಿದರು.

ನಾನೂ ಏಳೋಕೆ ಹೋದೆ, ಕಾಲೇ ಇಲ್ಲ. ಎರಡೂ ಜೋಮು ಹಿಡಿದು ಮರಗಟ್ಟಿದ್ದವು. ಅಮ್ಮ ಸ್ಟೂಲಿನಿಂದ ಎದ್ದು ಸೀದಾ ಕಿಟಕಿಗೆ ಹೋದಳು. ತೋಳಿನಿಂದ ಬಳೆಗಳು ಗಲಗಲ ಜಾರಿ ಇಳಿದವು. "ಏನ್ ಚೆನ್ನಾಗಿದೆಯೋ! ಎಲ್ಲ ಹೆಂಚಿನ ಮನೆಗಳು." 2007ರ ನಿಯಮದ ಪ್ರಕಾರ ಊರಿನ ನಡುವೆಯೂ 31 ಮೀಟರಿಗಿಂತ ಎತ್ತರ ಕಟ್ಟೋ ಹಾಗಿಲ್ಲ ಅಂತ ತಮ್ಮ ಹೇಳುತ್ತಿದ್ದ. ಅದಕ್ಕೇ 1964ರ ಕ್ಯೋಟೊ ಟವರ್ ಒಂದೇ ಬೆಳ್ಳಗೆ ಎದ್ದು ನಿಂತಿದೆಯಂತೆ. ಸೂರ್ಯ ಆಚೆ ಪಡುವಣ ಬೆಟ್ಟಕ್ಕೆ ಇಳಿಯುತ್ತಿದ್ದಾನಂತೆ.

ಇದೆಲ್ಲ ಕಂಡದ್ದು ಅವರಿಬ್ಬರಿಗೆ. ಚಾಪೆ ಮೇಲೆ ಕಾಲು ಚಾಚಿ ಬಿದ್ದಿದ್ದ ನನಗೆ ಕಂಡದ್ದು ಯಾಸಾಕಾ ಪಗೋಡದ ಮೇಲಿನ ಎರಡು ಅಂತಸ್ತು, ಅದರ ತುದಿಯ ಲೋಹದ ಕಂಬ, ಅಷ್ಟೇ.

"ಏಳೇ, ಮುಳುಗಿಹೋಗ್ತಾನೆ," ಅಂದಳು ಅಮ್ಮ.

"ಇರಮ್ಮ, ಇಲ್ಲಿಂದಲೇ ನೋಡ್ತೀನಿ."